ಷಡ್ಡಕರ ಪುಟ್ಟ ಕಡಲು

ನನ್ನ ಷಡ್ಡಕರ ಬಲಗೈ ಉಗುರುಗಳ ಸುತ್ತ ಸದಾ ಉಪ್ಪು ಬೆಳ್ಳಗೆ ಕಟ್ಟಿರುತ್ತಿತ್ತು. ಪಾಂಡವಪುರದ ಅವರ ಮನೆಯಲ್ಲಿ, ದೇವರ ಪೆಟ್ಟಿಗೆಗಿಂತ ದೊಡ್ಡದಲ್ಲದ ಗಾಜಿನ ತೊಟ್ಟಿಯೊಂದರಲ್ಲಿ ಅವರು ಕಡಲನ್ನು ಸಾಕಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ನೀರಿಗೆ ಉಪ್ಪು ಬೆರೆಸುವಾಗ ಅವರ ಮುಖದಲ್ಲಿ ಅಭಿಷೇಕಕ್ಕೆ ನಿಂತ ಅರ್ಚಕರ ಗಾಂಭೀರ್ಯ.

ನಮ್ಮ ಅತ್ತೆಯವರ ಕಣ್ಣು ಪೂರ್ತಿ ಮಂಜಾಗಿತ್ತು. ಇಬ್ಬರು ಹೆಣ್ಣುಮಕ್ಕಳ ಮನೆಯಲ್ಲಿ ಸರದಿಯಂತೆ ಇರುತ್ತಿದ್ದರು. ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದಾಗ ಮಧ್ಯಾಹ್ನ ನಾನು ಪುರಾಣ ಓದಿ ಅರ್ಥ ಹೇಳುತ್ತಿದ್ದೆ. ನನಗಿದ್ದ ಶ್ರೋತೃ ಅವರೊಬ್ಬರೇ. ತೊಟ್ಟಿ ಬಂದ ಮೇಲೆ ಸರದಿ ತಪ್ಪಿತು. ಕರೆಯಲು ಹೋದರೆ, "ಇನ್ನೊಂದ್ ವಾರ ಇರ್ತೀನಿ ಬುಡಿ" ಎನ್ನುತ್ತಿದ್ದರು.

"ಕಾಣದ ಮೀನಿನ ಮೇಲೆ ಇಷ್ಟು ಮೋಹವೇ ಅತ್ತೆ?"

"ನಿಮ್ಮ ದೇವ್ರೂ ಕಾಣಾಕಿಲ್ಲ. ಅವ್ನ ಕತೆ ನಾ ಕೇಳ್ತಿರ್ಲಿಲ್ವಾ?"

ಷಡ್ಡಕರು ಮೀನು ಆರಿಸಿದ್ದು ನನ್ನೆದುರಿಗೇ. ಮೈಸೂರಿನ ಅಂಗಡಿಯಲ್ಲಿ ಅಂಗೈಯಗಲದ ನೀಲಿ ಮೀನೊಂದನ್ನು ನಾನು ತೋರಿಸಿದೆ. ಸಾಕ್ಷಾತ್ ಶ್ಯಾಮಸುಂದರನ ವರ್ಣ.

"ಬ್ಯಾಡ ಅಣ್ಣ. ಅದು ದಿನವೆಲ್ಲ ಓಡಾಡೋ ಜಾತಿ. ನಮ್ ತೊಟ್ಟೀಲಿ ಮೂತಿ ತಿರುಗ್ಸಕ್ಕೂ ಆಗಲ್ಲ. ಚೆಂದ ನೋಡೋರು ನಾವು, ಬದುಕ್ಬೇಕಾದ್ದು ಅದು."

ಅವರು ತಂದದ್ದು ಬೆರಳುದ್ದದ ಪಟ್ಟೆ ಮೀನು, ಜೊತೆಗೊಂದು ಸಿಗಡಿ. ಈ ಮೀನಿಗೆ ಒಂದು ಕಲ್ಲಿನ ನೆರಳಷ್ಟು ಜಾಗ ಸಾಕು. ಸಿಗಡಿಗೆ ದೃಷ್ಟಿ ಮಂದ. ಅದು ಬಿಲ ತೋಡುತ್ತದೆ, ಮೀನು ಬಾಗಿಲು ಕಾಯುತ್ತದೆ. ಸಿಗಡಿಯ ಮೀಸೆ ಮೀನಿನ ಮೈಯನ್ನು ಬಿಡುವುದಿಲ್ಲ.

ಷಡ್ಡಕರು ಅತ್ತೆಯವರ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳುತ್ತಿದ್ದರು. "ಸಿಗಡಿಯಪ್ಪ ಮರಳು ಹೊತ್ಕೊಂಡು ಆಚೆ ಬಂದ ಅತ್ತೆ. ಮೀನಪ್ಪ ಸುಮ್ನೆ ಕುಂತವ್ನೆ, ಮನೆ ಅಳಿಯ ಇದ್ದಂಗೆ!"

"ನಿನ್ನಂಗೇ ಅನ್ನು!"

ಅತ್ತೆಯವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನನ್ನ ಯಾವ ಪ್ರಸಂಗಕ್ಕೂ ಅವರು ಹಾಗೆ ನಕ್ಕಿರಲಿಲ್ಲ. ಹಿರಿಯಳಿಯನಾದ ನನಗೆ 'ನೀವು', ಅವರಿಗೆ 'ನೀನು'. ಆ ಏಕವಚನಕ್ಕಾಗಿ ನನ್ನ ಹೊಟ್ಟೆ ಉರಿಯುತ್ತಿತ್ತು.

ಕಳೆದ ಮಾಘದಲ್ಲಿ ಷಡ್ಡಕರು ತೀರಿಕೊಂಡರು. ಉತ್ತರಕ್ರಿಯೆ ಮುಗಿದ ದಿನ ಅತ್ತೆಯವರನ್ನು ನಮ್ಮಲ್ಲಿಗೆ ಕರೆದೊಯ್ಯಲು ಕಾರು ತರಿಸಿದ್ದೆ. ಅವರು ತೊಟ್ಟಿಯ ಮುಂದೆ ಕುಳಿತಿದ್ದರು.

"ಏನ್ ಮಾಡ್ತಾವೆ? ಯಾರಾರ ಹೇಳ್ರಪ್ಪ."

ನಾನು ಪಕ್ಕದಲ್ಲಿ ಕುಳಿತೆ. "ಮೀನು ಬಿಲದ ದ್ವಾರದಲ್ಲಿ ಸ್ಥಿರವಾಗಿದೆ. ಸಿಗಡಿಯು ಮರಳನ್ನು ಹೊರತರುತ್ತಿದೆ," ಎಂದೆ.

ಅತ್ತೆಯವರು ತುಸುಹೊತ್ತು ಕೇಳಿ, ನನ್ನ ಕೈ ಸವರಿದರು. "ಚೆನ್ನಾಗೇ ಹೇಳ್ತೀರಿ. ಅವ್ನು ಹೇಳಿದ್ರೆ ಕಾಣ್ತಿತ್ತು."

ಕಾರನ್ನು ಹಿಂದಕ್ಕೆ ಕಳುಹಿಸಿದೆ. ಈಗ ನಾನೇ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗಿ ಮೀನಿನ ಸುದ್ದಿ ಹೇಳಿ ಬರುತ್ತೇನೆ. ಅತ್ತೆಯವರು ಇನ್ನೂ ನಕ್ಕಿಲ್ಲ.