ಜ್ವರ ಬಂದ ಕಾಯಿಲ್

ಇವತ್ತು ರಾಯಚೂರಿನ ಗ್ಯಾರೇಜೊಂದರಲ್ಲಿ ಮಿಸ್ತ್ರಿಯೊಬ್ಬ ಪಿಕಪ್ಪಿನ ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಕೆಟ್ಟಿದ್ದನ್ನು ಬಿಚ್ಚಿ ಹೊಸದು ಹಾಕುತ್ತಿದ್ದ. ಆ ಸುಟ್ಟ ವಾಸನೆಗೆ ನನ್ನ ಕಾಲುಗಳು ಅಲ್ಲೇ ನಿಂತವು.

ನಾನು ಚಿಕ್ಕವಳಿದ್ದಾಗ ಒಮ್ಮೆ, ಜ್ವರದಿಂದ ನರಳುತ್ತಿದ್ದ ಅವ್ವನನ್ನು ಅಪ್ಪ ತನ್ನ ಪಿಕಪ್ಪಿನಲ್ಲಿ ದೇವದುರ್ಗದಿಂದ ರಾಯಚೂರಿನ ದವಾಖಾನೆಗೆ ಒಯ್ಯುತ್ತಿದ್ದ. ಕಾಯಿಲ್ ಕಾದಾಗಲೆಲ್ಲ ಗಾಡಿ ನಿಲ್ಲುತ್ತಿತ್ತು, ತಣ್ಣಗಾದರಷ್ಟೇ ಹೊರಡುತ್ತಿತ್ತು. ಅಪ್ಪ ಅವ್ವನ ಹಣೆಯ ಮೇಲಿದ್ದ ಒದ್ದೆ ಬಟ್ಟೆಯನ್ನೇ ತೆಗೆದು ಕಾದ ಕಾಯಿಲ್‌ಗೆ ಸುತ್ತಿದ.

"ಜ್ವರ ಬಂದಿದ್ದು ನನಗೇನ್ರೀ, ನಿಮ್ಮ ಗಾಡಿಗೇನ್ರೀ?" ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಮೊದಲ ಅದರದು ಇಳೀಲಿ, ಆಮ್ಯಾಲ ನಿಂದು."

ನಾನು ಇಳಿಯುತ್ತಿದ್ದೆ, ಹತ್ತುತ್ತಿದ್ದೆ, "ಯಪ್ಪಾ, ಆತೇನು?" ಎನ್ನುತ್ತಿದ್ದೆ. ಅಂತೂ ಮುಟ್ಟಿದೆವು. ಅವ್ವ ಉಳಿದಳು.

ಹೋದ ತಿಂಗಳು ಅದೇ ದಾರಿಯಲ್ಲಿ ಅಪ್ಪನನ್ನು ಆಂಬುಲೆನ್ಸಿನಲ್ಲಿ ತಂದೆವು. ಗಾಡಿ ಎಲ್ಲೂ ನಿಲ್ಲಲಿಲ್ಲ. ನಿಂತಿದ್ದರೆ ಇಳಿದು ಏನಾದರೂ ಮಾಡುತ್ತಿದ್ದೆ. ಸುಮ್ಮನೆ ಕೂತಿದ್ದೆ. ಅಪ್ಪ ದಾರಿಯಲ್ಲೇ ತೀರಿಕೊಂಡ.