ದರ್ಜಿ ತಾತನ ಮರೆಗುಳಿ ಎಡಗೈ

"ಅಮ್ಮಾ, ದರ್ಜಿ ತಾತ ತಮ್ಮ ಎಡಗೈನೇ ಯಾಕೆ ಬೈತಾರೆ? ಅದೇನು ತಪ್ಪು ಮಾಡಿದೆ?"

ಉಕ್ಕುತ್ತಿದ್ದ ಹಾಲಿನ ಒಲೆ ಆರಿಸುತ್ತ ಪುಟ್ಟಿಯ ಅಮ್ಮ ಅಂದಳು: "ಅದೂ ನಿನ್ನ ಥರಾನೇ ಕಣೇ. ನೋಡ್ತಾ ಇದ್ರೆ ಮಾತ್ರ ನೆಟ್ಟಗಿರುತ್ತೆ."

ಮಾತು ಸುಳ್ಳಲ್ಲ. ಕೆಳಮನೆಯ ದರ್ಜಿ ತಾತನಿಗೆ ಮಿದುಳಿನ ರಕ್ತನಾಳದಲ್ಲಿ ಸಣ್ಣ ತಡೆಯಾಗಿತ್ತು. ಆಸ್ಪತ್ರೆಯಿಂದ ಬಂದಾಗ ಕೈಕಾಲು ಗಟ್ಟಿಮುಟ್ಟಾಗಿಯೇ ಇದ್ದವು. ಆದರೆ ಡಾಕ್ಟರು ಎರಡೂ ಕೈಗೆ ಒಟ್ಟಿಗೆ ಹತ್ತಿ ಮುಟ್ಟಿಸಿದರೆ ತಾತ "ಬರೀ ಬಲಗೈ" ಎನ್ನುವರು. ಎಡಗೈಯನ್ನೇ ನೋಡುತ್ತ ಕೂತರೆ ಮಾತ್ರ "ಅರೆ, ಇಲ್ಲೂ ಮುಟ್ತಿದೀರಲ್ಲ!"

"ಕಣ್ಣು ಹೋದ ಕಡೆ ಮಿದುಳಿನ ಗಮನಾನೂ ಹೋಗುತ್ತೆ. ಆಗ ಅಲ್ಲಿನ ಸ್ಪರ್ಶ ಚುರುಕಾಗುತ್ತೆ. ಎಡಗೈನ ಆಗಾಗ ನೋಡ್ತಿರಿ" ಎಂದಿದ್ದರು ಡಾಕ್ಟರು.

ದರ್ಜಿಯ ಕಣ್ಣು ಸೂಜಿ ಬಿಟ್ಟು ಎಲ್ಲಿಗೆ ಹೋದೀತು? ಮಿಷನ್ನಿಗೆ ಕೂತ ಮೊದಲ ದಿನವೇ ಗಿರಾಕಿಯ ಪ್ಯಾಂಟಿನ ಸೊಂಟಪಟ್ಟಿಗೆ ತಮ್ಮ ಅಂಗಿಯ ಎಡತೋಳನ್ನೂ ಸೇರಿಸಿ ಹೊಲಿದುಬಿಟ್ಟರು. ಗಿರಾಕಿ ಬಂದಾಗ ಗತ್ತಿನಿಂದ ಎದ್ದರು. ಪ್ಯಾಂಟೂ ಜೊತೆಗೆ ಎದ್ದಿತು.

ತಾತನ ಹೆಂಡತಿ ಅಜ್ಜಿ ಅವತ್ತೇ ಮಿಷನ್ನಿನ ಬೆಲ್ಟು ಕಿತ್ತು ಅಕ್ಕಿ ಡಬ್ಬಿಗೆ ಹಾಕಿದರು.

"ಇವತ್ತು ತೋಳು, ನಾಳೆ ಬೆರಳು. ಬೆಳಿಗ್ಗೆ ನನ್ನೆದುರು ಒಂದು ಕಾಲರ್ ಹೊಲೀರಿ. ಮೈಮೇಲೆ ಹೊಲಿಗೆ ಬೀಳದೇ ಇದ್ರೆ ಬೆಲ್ಟು ನಿಮ್ದು. ಇಲ್ಲಾಂದ್ರೆ ಮಿಷನ್ನು ನನ್ನ ತಮ್ಮಂಗೆ."

"ಅವನಿಗಾ! ಅವನು ಹೊಲಿದ ಗುಂಡಿ ಗಿರಾಕಿಗಿಂತ ಮೊದಲೇ ಅಂಗಡಿ ಬಿಟ್ಟು ಹೋಗುತ್ತೆ!"

"ಹೋಗ್ಲಿ ಬಿಡಿ. ಗುಂಡಿ ಹೋದ್ರೆ ಬೇರೆ ಸಿಗುತ್ತೆ."

ಅವತ್ತು ಸಂಜೆ ಪುಟ್ಟಿಯ ಫ್ರಾಕು ಉದ್ದ ಮಾಡಿಸಲು ಅಮ್ಮ ಮಗಳು ಇಳಿದುಬಂದಾಗ, ತಾತ ಬೆಲ್ಟಿಲ್ಲದ ಮಿಷನ್ನಿನ ಚಕ್ರವನ್ನು ಬಲಗೈಯಿಂದಲೇ ತಿರುಗಿಸುತ್ತ ಹಳೇ ಬಟ್ಟೆಯ ಮೇಲೆ ಅಭ್ಯಾಸ ಮಾಡುತ್ತಿದ್ದರು. ಬಟ್ಟೆ ಹಿಡಿದ ಎಡಗೈ ನಿಧಾನವಾಗಿ ಸೂಜಿಯ ಕಡೆ ಜಾರುತ್ತಿತ್ತು.

"ಪುಟ್ಟಿ, ಕೈ ಜಾರಿದ್ರೆ ಕೂಗು" ಎಂದಳು ಅಮ್ಮ.

"ತಾತಾ, ಎಡಗೈ!"

ತಾತ ತಟ್ಟನೆ ತಲೆ ಎತ್ತಿ ನೋಡಿದರು, ಪುಟ್ಟಿಯನ್ನು. ಮತ್ತೆ ಕೂಗಿದಳು, ಮತ್ತೆ ಪುಟ್ಟಿಯನ್ನೇ ನೋಡಿದರು. ಕೈ ಇನ್ನಷ್ಟು ಜಾರಿತು. ಅಮ್ಮನೇ ಚಕ್ರ ಹಿಡಿದು ನಿಲ್ಲಿಸಬೇಕಾಯಿತು.

"ಹೋಯ್ತು ಬಿಡಮ್ಮ, ಮಿಷನ್ನು ಹೋದಂಗೇ" ಎಂದು ತಾತ ಮುಖ ಸಣ್ಣದು ಮಾಡಿಕೊಂಡರು. ಪಾಪ ಅನ್ನಿಸಿತು ಅಮ್ಮನಿಗೆ. ಆದರೆ ಅವರ ಕಣ್ಣು ಚಕ್ರದ ಮೇಲಿದ್ದ ಅವಳ ಬೆರಳುಗಳಿಗೆ ಅಂಟಿಕೊಂಡಿತ್ತು, ಕದಲಲೇ ಇಲ್ಲ. ತಾತ ಅಜ್ಜಿಯಿದ್ದ ಅಡುಗೆಮನೆಯತ್ತ ಒಮ್ಮೆ ಇಣುಕಿ, ದನಿ ತಗ್ಗಿಸಿದರು.

"ಮಗಳೇ, ಆ ಕೆಂಪು ಉಗುರುಬಣ್ಣ ಸ್ವಲ್ಪ ನನ್ನ ಎಡಗೈಗೂ ಹಚ್ತೀಯಾ? ಅವಳು ಕೇಳಿದ್ರೆ ಡಾಕ್ಟರ ಔಷಧಿ ಅಂದ್ಬಿಡು."