ಶಾಂತಕ್ಕನ ಜೋಡಿ

ಶಾಂತಕ್ಕ ನೀರಿನೊಳಗೆ ಕಣ್ಣು ಮುಚ್ಚುತ್ತಿರಲಿಲ್ಲ. ಜೇವರ್ಗಿಯ ನಮ್ಮ ಓಣಿಯಲ್ಲಿ ಯಾರದೇ ಕೊಡ ಬಾವಿಗೆ ಬಿದ್ದರೂ ಸೀರೆ ಕಚ್ಚೆ ಹಾಕಿ ಧುಮುಕಿ, ಕೊಡದ ಜೊತೆ ಸುದ್ದಿಯನ್ನೂ ತರುತ್ತಿದ್ದರು. "ತಳದಾಗ ಗೌಡ್ರ ಮನೀ ತಂಬಿಗಿ ಬಿದ್ದದ. ಕೆಲಸದಾಕಿ ಕದ್ದಾಳ ಅಂದಿದ್ರಲ್ಲ, ಈಗ ಹೋಗಿ ಹೇಳ್ರಿ!"

ಕೀಟನಾಶಕದ ದೊಡ್ಡ ಅಂಗಡಿ ಶರಣಪ್ಪನವರ ಹೆಂಡತಿ ಅವರು. ಹುಟ್ಟಿದ್ದು ಹವಳಗಾದ ಕಡೆ, ಭೀಮಾ ದಂಡೆಯ ಊರಲ್ಲಿ. "ನಡಿಯೋದಕ್ಕಿಂತ ಮೊದ್ಲ ಈಜು ಕಲ್ತಾಕಿ ನಾ" ಎಂದು ಎಲ್ಲರಿಗೂ ಹೇಳೋರು. ಕೇಳದವರಿಗೆ ಎರಡು ಸಲ.

ನನಗೆ ಹೊಟ್ಟೆ ಉರಿಯುತ್ತಿತ್ತು. ನಾನು ಈಜು ಕಲಿತದ್ದು ರದ್ದಿ ಅಂಗಡಿಯ ಇಂಗ್ಲಿಷ್ ಪತ್ರಿಕೆ ನೋಡಿ. ಹವಳದ ಗುಡ್ಡ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿದವರು, ಎಲ್ಲಾ ಬಾಯಿಪಾಠ. ಒಂದು ದಿನ ಸೈಕಲ್ ಟ್ಯೂಬಿನ ಒಂದು ತುದಿ ನೀರಿನ ಮೇಲೆ ಬಿಟ್ಟು, ಇನ್ನೊಂದನ್ನು ಬಾಯಲ್ಲಿಟ್ಟುಕೊಂಡು ಬಾವಿಯ ತಳಕ್ಕೆ ಹೊರಟೆ. ಒಂದಾಳು ಆಳ ಹೋಗುವಷ್ಟರಲ್ಲಿ ಎದೆಯ ಮೇಲೆ ಜೋಳದ ಚೀಲ ಇಟ್ಟಂತಾಗಿ ಉಸಿರೇ ಬರಲಿಲ್ಲ. ಕೂದಲು ಹಿಡಿದು ಮೇಲೆಳೆದವರು ಶಾಂತಕ್ಕ.

"ಲೇ ಸಿದ್ದೂ, ನೀರಿಗಿಳಿಯಾಕ ಪಂಕ್ಚರ್ ಅಂಗಡಿ ಯಾಕೋ ಬೇಕು?"

ಓಣಿಗೆ ಓಣಿಯೇ ನಕ್ಕಿತು.

ಆಮೇಲೊಂದು ವರ್ಷ ಹತ್ತಿಗೆ ಹುಳ ಬಿತ್ತು. ಅವರ ಅಂಗಡಿಯ ಔಷಧಿ ನೀರಿನಂತೆ ಮಾರಾಟವಾಯಿತು. ಕಂಪನಿಯವರು ಖುಷಿಯಾಗಿ ಇನಾಮು ಕೊಟ್ಟರು: ಇಬ್ಬರಿಗೆ ಕೆರಿಬಿಯನ್ ದ್ವೀಪದಲ್ಲಿ ಒಂದು ವಾರ, ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿಯುವುದೂ ಸೇರಿ. ಮೂರು ರೆಸಾರ್ಟಿನ ಬಣ್ಣದ ಪುಸ್ತಕ ಕಳಿಸಿ, ಬೇಕಾದದ್ದು ಆರಿಸಿಕೊಳ್ಳಿ ಅಂದರು.

"ವೆಸ್ಟ್ ಇಂಡೀಸ್ ಅಂದ್ರ ಕ್ರಿಕೆಟ್ ಆಡೋರ ಊರು. ಅಲ್ಲಿಗೆ ಹೋಗಿ ನೀರಾಗ ಮುಳುಗೋದಾ? ನಾ ಒಲ್ಲೆ" ಎಂದರು ಶರಣಪ್ಪನವರು. ಅವರಿಗೆ ಬಚ್ಚಲ ಹಂಡೆ ಕಂಡರೂ ಭಯ.

ಅಂದರೆ ಒಂದು ಸೀಟು ಖಾಲಿ! ಪುಸ್ತಕ ಓದಿ ಹೇಳಲು ನನ್ನನ್ನೇ ಕರೆಸಿದರು. ಇದ್ದೊಂದು ಒಳ್ಳೆ ಅಂಗಿ ಹಾಕಿಕೊಂಡು ಹೋದೆ.

ಮೊದಲನೆಯದರಲ್ಲಿ ಅಂಗಳದ ತುಂಬ ಈಜುಕೊಳ. "ಸಮುದ್ರದ ಮುಂದ ಕೊಳ ಕಟ್ಟ್ಯಾರ? ಇವರಿಗೇನು ತಲಿ ಅದೋ ಇಲ್ಲೋ?" ಎಂದರು ಶಾಂತಕ್ಕ. ಎರಡನೆಯದರಲ್ಲಿ ಹವಳ ನೋಡಲು ದೋಣಿಯಲ್ಲಿ ದೂರ ಹೋಗಬೇಕು. "ಅಷ್ಟೊತ್ತು ಕುಂತ್ರ ವಾಂತಿ ಆಗ್ತದ." ಮೂರನೆಯದು ತೆಂಗಿನ ಗರಿ ಹೊದಿಸಿದ ನಾಲ್ಕೈದು ಗುಡಿಸಲು, ಮೆಟ್ಟಿಲಿಳಿದರೆ ಹವಳ. "ಇದ ಇರ್ಲಿ. ನಾವೇನು ಉಂಡು ಮಲಗಾಕ ಹೊಂಟೀವೇನು?"

ನಾನೂ ಅದನ್ನೇ ಆರಿಸಿದ್ದೆ. ಇಂಗ್ಲಿಷಿನ ಒಂದಕ್ಷರ ಬಾರದೆ ಆಕೆ ಅದನ್ನೇ ಹಿಡಿದರಲ್ಲ ಅಂತ ಮತ್ತಷ್ಟು ಉರಿಯಿತು. ಆದರೂ ನನ್ನ ಮಾತು ಇನ್ನೂ ಬಾಕಿ ಇತ್ತು.

"ಅಕ್ಕಾ, ಅಲ್ಲಿ ಒಂದು ಕಾಯದೆ ಅದರಿ. ನೀರಿಗೆ ಒಬ್ರೇ ಇಳಿಯಂಗಿಲ್ಲ, ಜೋಡಿ ಬೇಕು. ಒಬ್ರಿಗೆ ಗಾಳಿ ಕಡಿಮಿ ಬಿದ್ರ ಇನ್ನೊಬ್ರು ಕೊಡಬೇಕು. ಕಣ್ಣಾಗ ಕಣ್ಣಿಟ್ಟು ಇರಬೇಕು. ಯಾರನ್ನರ ಕರಕೊಂಡು ಹೋದ್ರ ನಡಿಯಂಗಿಲ್ರಿ."

ಹೇಳಿ ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಶಾಂತಕ್ಕ ಗಂಡನ ಕಡೆ ತಿರುಗಿದರು.

"ಹುಡುಗ ಶಾಣ್ಯಾ ಅದಾನ್ರಿ. ಖರೆ ಹೇಳ್ದ."

ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ.

"ಹಂಗಾರ ನಮ್ಮಕ್ಕ ಮಾದೇವಕ್ಕನ್ನ ಕರಸ್ರಿ. ಸಣ್ಣಾಕಿದ್ದಾಗ ಭೀಮಾದಾಗ ನನ್ನ ಕಾಲು ಬಲಿಗಿ ಸಿಕ್ಕಿತ್ತು, ಒಳಗ ಬಂದು ಬಿಡಿಸಿದಾಕಿ ಆಕಿ. ಮತ್ಯಾರ ಕಣ್ಣಾಗ ಕಣ್ಣಿಡ್ಲಿ ನಾ?"

ಆಳಕ್ಕಿಳಿದಾಗ ಮೂಗು ಹಿಡಿದು ಊದಿ ಕಿವಿ ನೋವು ಬಿಡಿಸಿಕೊಳ್ಳುವುದನ್ನು ಆ ಅಕ್ಕ ತಂಗಿಗೆ ನಾನೇ ಕಲಿಸಿಕೊಟ್ಟೆ. ಇಬ್ಬರೂ ಹೋದರು.

ತಿರುಗಿ ಬಂದ ದಿನ ಅಂಗಡಿ ಕಟ್ಟೆ ತುಂಬ ಜನ. ವಿಮಾನದ ಊಟ, ಕಟ್ಟಿಕೊಂಡು ಹೋದ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯ ಮೇಲೆ ವಾರ ಕಳೆದದ್ದು, ಎಲ್ಲ ಹೇಳಿದರು. ನಾನು ತಡೆಯಲಾರದೆ ಕೇಳಿದೆ.

"ತಳದಾಗ ಏನಿತ್ತರಿ ಅಕ್ಕಾ?"

ಬಾಯಿ ತೆರೆದ ಶಾಂತಕ್ಕ ತಡವರಿಸಿ ಅಕ್ಕನ ಮುಖ ನೋಡಿದರು. "ನೀನರ ಹೇಳು."

"ನಂಗೆಲ್ಲಿ ಬರ್ತದ ಹೇಳಾಕ? ನೋಡಿದ್ವಿ, ಅಷ್ಟ" ಎಂದರು ಮಾದೇವಕ್ಕ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಆ ನಗು ನೋಡಿ ಉರಿದಷ್ಟು, ಅವರು ವಿಮಾನ ಹತ್ತಿದಾಗಲೂ ನನಗೆ ಉರಿದಿರಲಿಲ್ಲ.

ಮುಂದಿನ ವರ್ಷ ಶರಣಪ್ಪನವರು ಅಂಗಡಿ ಎತ್ತಿ ಸೊಲ್ಲಾಪುರಕ್ಕೆ ಹೊರಟರು. ಸಾಮಾನಿನ ಲಾರಿಯಿಂದ ಬಗ್ಗಿ ಶಾಂತಕ್ಕ ಕೇಳಿದರು.

"ಸಿದ್ದೂ, ಖರೆ ಹೇಳು. ಹೊಟ್ಟಿ ಇನ್ನೂ ಉರೀತದೇನು?"

"ಹೌದ್ರಿ."

"ಉರೀಲಿ. ನಿನ್ನ ಜಾಗಾದಾಗ ನಾ ಇದ್ದಿದ್ರ ಮಾತೇ ಬಿಡ್ತಿದ್ದೆ."

ನಾನೂ ಅವರ ಜೊತೆ ಮಾತು ಬಿಟ್ಟಿದ್ದೆ, ಇಡೀ ಮಳೆಗಾಲ. ಅವರಿಗೆ ಗೊತ್ತೇ ಆಗಿರಲಿಲ್ಲ. ಅದನ್ನು ಹೇಳೋಣ ಅನ್ನುವಷ್ಟರಲ್ಲಿ ಲಾರಿ ಹೊರಟುಬಿಟ್ಟಿತು.